ಸಮಿತಿ ದುಡ್ಡು ಮೇಷ್ಟ್ರ ಖಾತೆಯಲ್ಲಿ, ಮೂರು ವರ್ಷದ ಯೋಜನೆ ಕ್ಯಾಲೆಂಡರ್ ಹಿಂದೆ

ಜೆರಾಕ್ಸ್ ಅಂಗಡಿ:
ನಮ್ಮದು ಹೋಬಳಿ ಮಟ್ಟದ ಕೆರೆ ಹೋರಾಟ ಸಮಿತಿ, ಆರು ವರ್ಷದ್ದು. ನಾನು ಸುಮ್ನೆ ಅರ್ಜಿ ಟೈಪ್ ಮಾಡಿಕೊಡುತ್ತಿದ್ದೆ, ಹಾಗೇ ಖಜಾಂಚಿ ಆಗಿಬಿಟ್ಟೆ. ಚಂದಾ ದುಡ್ಡು 41,300 ರೂಪಾಯಿ ಅಧ್ಯಕ್ಷರ ಸ್ವಂತ ಉಳಿತಾಯ ಖಾತೆಯಲ್ಲಿದೆ. ಅಧ್ಯಕ್ಷರು ಅಂದರೆ ನಮ್ಮ ಮೇಷ್ಟ್ರು. ಒಂದು ಪೈಸೆ ಮುಟ್ಟುವವರಲ್ಲ. ಆದರೆ ಹೋದ ತಿಂಗಳು ಅವರಿಗೆ ಸ್ಟೆಂಟ್ ಹಾಕಿದರು. ಐದು ದಿನ ಆಸ್ಪತ್ರೆ. ಅದೇ ವಾರ ನಮ್ಮ ದೊಡ್ಡ ಕೆರೆಯ ಸರ್ವೆ ಶುಲ್ಕ ಕಟ್ಟಬೇಕಿತ್ತು, ನನ್ನ ಗಲ್ಲಾದಿಂದ ಕಟ್ಟಿದೆ. ಐಸಿಯು ಮುಂದೆ ನಿಂತು ಚೆಕ್‌ಗೆ ಸಹಿ ಕೇಳೋಕಾಗುತ್ತಾ?

ಮೊನ್ನೆ ಭಾನುವಾರ ‘ಮುಂದಿನ ಮೂರು ವರ್ಷ’ ಅಂತ ಸಭೆ. ಹಳೇ ಕ್ಯಾಲೆಂಡರ್ ಹಿಂದೆ 17 ಕೆಲಸ ಬರೆದರು. ಪಾದಯಾತ್ರೆ, ಯುವ ಘಟಕ, ಯೂಟ್ಯೂಬ್ ಚಾನೆಲ್ ಕೂಡ ಇದೆ. ಯಾರು ಮಾಡಬೇಕು ಅಂತ ಒಂದರ ಮುಂದೆಯೂ ಹೆಸರಿಲ್ಲ. ಕೊನೆಗೆ ಇಬ್ಬರು, ಪಂಚಾಯತಿ ಚುನಾವಣೆಗೆ ನಾವೇ ನಿಲ್ಲೋಣ ಅಂದರು. ಮೇಷ್ಟ್ರು “ನೋಡೋಣ” ಅಂದರು. ಆರು ವರ್ಷದಲ್ಲಿ ಅವರ ‘ನೋಡೋಣ’ದ ಅರ್ಥ ನನಗಿನ್ನೂ ಸಿಕ್ಕಿಲ್ಲ.

ಮೊದಲು ನೋಂದಣಿ ಮಾಡಿಸಬೇಕಾ? ಅವರ ಮನಸ್ಸಿಗೆ ನೋವಾಗದ ಹಾಗೆ ಹೇಗೆ ಹೇಳೋದು?

ಲೆಕ್ಕದ ಶೆಟ್ಟಿ:
ಅಕ್ಕಾ, ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ಸಾಕು. ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಆಗುತ್ತದೆ. ವರ್ಷಕ್ಕೊಂದು ಸರ್ವಸದಸ್ಯರ ಸಭೆ ಮಾಡಿ, ಪದಾಧಿಕಾರಿಗಳ ಪಟ್ಟಿ, ಲೆಕ್ಕ ಸಲ್ಲಿಸಬೇಕು. ಬೈಲಾ, ಅಂದರೆ ಸಂಘದ ನಿಯಮಾವಳಿ, ಮಾತ್ರ ಬೇರೆ ಸಂಘದ್ದನ್ನು ನಕಲು ಮಾಡಬೇಡಿ. ನಾವು ಮಾಡಿದ್ದೆವು, ಬಸ್ ಹೋರಾಟದ ಸಂಘಕ್ಕೆ ‘ಗಣೇಶೋತ್ಸವ ಆಚರಣೆ’ ಉದ್ದೇಶವಾಗಿ ಬಂದು ಕೂತಿತ್ತು! ಬ್ಯಾಂಕಿಗೆ ಮೂವರ ಹೆಸರು ಕೊಡಿ, ಇಬ್ಬರ ಸಹಿ ಇದ್ದರೆ ದುಡ್ಡು ಬರುವ ಹಾಗೆ ಮಾಡಿಸಿ.

ಹಳೇ ಹಸಿರು ಶಾಲು:
ನೋಂದಣಿ ಸರಿ. ಚುನಾವಣೆ ವಿಷಯ ‘ನೋಡೋಣ’ದಲ್ಲಿ ಬಿಡಬೇಡಮ್ಮ. 1980ರಲ್ಲಿ ರೈತ ಸಂಘ ಕಟ್ಟಿದ ಮೇಲೆ ನಮ್ಮ ಕಡೆ ಊರ ಬಾಗಿಲಲ್ಲೇ ಬೋರ್ಡು ಹಾಕಿದ್ದೆವು, ಅಪ್ಪಣೆಯಿಲ್ಲದೆ ಅಧಿಕಾರಿ ಒಳಗೆ ಬರಬಾರದು ಅಂತ. 1989ರಲ್ಲಿ ಸಂಘದ ಬಾಬಾಗೌಡ ಪಾಟೀಲರು ವಿಧಾನಸಭೆಗೆ ಗೆದ್ದರು, ಆಮೇಲೆ ಧಾರವಾಡ ಗ್ರಾಮೀಣದಿಂದ ಸಂಘದ ನಾಯಕ ನಂಜುಂಡಸ್ವಾಮಿಯವರೂ ಹೋದರು. 1998ರಲ್ಲಿ ಬಾಬಾಗೌಡರು ಬಿಜೆಪಿಯಿಂದ ಗೆದ್ದು ವಾಜಪೇಯಿ ಸರ್ಕಾರದಲ್ಲಿ ರಾಜ್ಯ ಸಚಿವರಾಗಿದ್ದರು. ಇವತ್ತು ಹಸಿರು ಶಾಲು ಎಷ್ಟು ಬಣದ ಹೆಗಲ ಮೇಲಿದೆ, ಎಣಿಸಿ ನೋಡು. ನಿಲ್ಲಲೇಬಾರದು ಅಂತಲ್ಲ. ನಮ್ಮ ಸಂಘದ ಪುಟ್ಟಣ್ಣಯ್ಯನವರು ನಿಂತರು, ಗೆದ್ದರು, ಶಾಲು ಬಿಡಲಿಲ್ಲ. ಗ್ರಾಮ ಪಂಚಾಯತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಪಕ್ಷದ ಹಂಗಿಲ್ಲದೆ ನಿಲ್ಲಬಹುದು. ಆದರೆ ನಾಮಪತ್ರ ಹಾಕುವ ದಿನವೇ ಪದಾಧಿಕಾರಿ ಸ್ಥಾನಕ್ಕೆ ರಾಜೀನಾಮೆ ಅಂತ ಬೈಲಾದಲ್ಲೇ ಬರೆದುಬಿಡಿ.

ಕೆರೆಏರಿ:
ಆ 17ರಲ್ಲಿ ಎಷ್ಟು ಕೆಲಸ ಪಂಚಾಯತಿ ಕೈಲಿದೆ ಅಂತ ನೋಡಿದ್ದೀರಾ ಮೇಡಂ? 40 ಹೆಕ್ಟೇರ್‌ಗಿಂತ ಜಾಸ್ತಿ ಅಚ್ಚುಕಟ್ಟಿನ (ಕೆರೆ ನೀರು ಹರಿಯುವ ಜಮೀನಿನ) ಕೆರೆ ಸಣ್ಣ ನೀರಾವರಿ ಇಲಾಖೆಯದು. ನಿಮ್ಮ ದೊಡ್ಡ ಕೆರೆ ಆ ಲೆಕ್ಕಕ್ಕೆ ಬಂದರೆ, ಸದಸ್ಯರಾಗಿ ಗೆದ್ದರೂ ಅದೇ ಅರ್ಜಿ ಹಿಡಿದು ಅದೇ ಎಂಜಿನಿಯರ್ ಹತ್ತಿರ ಹೋಗಬೇಕು. ಇನ್ನೊಂದು, ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕೂತಿತು. ಕೇಳಿದ್ದು ಒಂದೇ, ಪಂಚಾಯತಿ ಲೆಕ್ಕ ತೋರಿಸಿ ಅಂತ. ಆ ಒಂದಕ್ಕೇ ಒಂಬತ್ತು ವರ್ಷ ಹಿಡಿಯಿತು, ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ನೀವು 17 ಹಿಡಿದಿದ್ದೀರಿ!

ಜೆರಾಕ್ಸ್ ಅಂಗಡಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಮೇಷ್ಟ್ರ ಮನೆಗೆ ಹೋಗಿದ್ದೆ. ಜಂಟಿ ಖಾತೆ ಮಾತು ತೆಗೆಯೋಕೆ ಎರಡು ಲೋಟ ಕಾಫಿ ಬೇಕಾಯಿತು. ಅವರು ಒಳಗೆ ಹೋಗಿ ಪಾಸ್‌ಬುಕ್ ತಂದು ಕೈಗಿಟ್ಟರು. “ಆಪರೇಷನ್ ಟೇಬಲ್ ಮೇಲೆ ನನಗೆ ಇದೇ ಚಿಂತೆ ಕಣಮ್ಮ” ಅಂದರು. ನಾನು ಆರು ವರ್ಷ ಸುಮ್ನೆ ಹೆದರಿದ್ದೆ.

17ರಲ್ಲಿ ಮೂರು ಉಳಿಸಿದ್ದೇವೆ. ದೊಡ್ಡ ಕೆರೆ ಸರ್ವೆಗೆ ನನ್ನ ಹೆಸರು ಹಾಕಿದ್ದಾರೆ. ಯೂಟ್ಯೂಬ್ ಹುಡುಗರು ಮುನಿಸಿಕೊಂಡಿದ್ದಾರೆ. ರಾಜೀನಾಮೆ ನಿಯಮಕ್ಕೆ ಮಾತ್ರ ಮತ್ತೆ ‘ನೋಡೋಣ’ ಅಂದರು. ಅದಕ್ಕೆ ಇನ್ನೊಂದು ಲೋಟ ಕಾಫಿ ಕುಡಿಯಬೇಕು.