ಎಕ್ಸ್‌ರೇಯಲ್ಲಿ ಮೂಳೆಗಳ ನಡುವೆ ಕಾಣುವ ಆ ಗ್ಯಾಪ್ ಏನು?

ಪ್ರಶ್ನೆ: ನಮಸ್ಕಾರ ಮೇಡಂ. ಮಗನಿಗೆ ಒಂಬತ್ತು ವರ್ಷ. ಮೊನ್ನೆ ಸೈಕಲ್‌ನಿಂದ ಬಿದ್ದು ಬಲಗೈ ಊರಿಬಿಟ್ಟ. ಎಕ್ಸ್‌ರೇ ನೋಡಿದ ಡಾಕ್ಟರು ‘ಫ್ರಾಕ್ಚರ್ ಇಲ್ಲ, ಹೋಗಿ’ ಅಂದರು. ಮನೆಗೆ ಬಂದು ಫಿಲಂ ಅನ್ನು ಕಿಟಕಿ ಬೆಳಕಿಗೆ ಹಿಡಿದರೆ, ಮಣಿಕಟ್ಟಿನ ಹತ್ತಿರ ಮೂಳೆಗೆ ಅಡ್ಡವಾಗಿ ಕಪ್ಪು ಗೆರೆ ಇದೆ. ತುದಿಯ ತುಂಡು ಬೇರೆಯೇ ಆದ ಹಾಗಿದೆ. ಮಣಿಕಟ್ಟಿನ ಸಣ್ಣ ಮೂಳೆ ಎಣಿಸಿದರೆ ಏಳೇ ಸಿಕ್ಕವು. ಅವನ ಪುಸ್ತಕದಲ್ಲಿ ಎಂಟು ಅಂತಿದೆ. ಡಾಕ್ಟರು ಸರಿಯಾಗಿ ನೋಡಲಿಲ್ಲವೇನೋ ಅಂತ ಭಯ.

ಉತ್ತರ (ಮೂಳೆ ವೈದ್ಯೆ): ನೀವು ನೋಡಿದ್ದು ಸರಿ, ಎಣಿಸಿದ್ದೂ ಸರಿ! ಆದರೆ ನಿಮ್ಮ ವಿವರಣೆ ನೋಡಿದರೆ ಅದು ಮುರಿತದ ಗೆರೆ ಅಲ್ಲ ಅನ್ನಿಸುತ್ತದೆ.

ಎಕ್ಸ್‌ರೇಗೆ ಸುಣ್ಣದಂಶ ತುಂಬಿದ ಗಟ್ಟಿ ಮೂಳೆ ಮಾತ್ರ ಚೆನ್ನಾಗಿ ಕಾಣುತ್ತದೆ. ಕಾರ್ಟಿಲೇಜ್ ಕಾಣುವುದಿಲ್ಲ. ಕೋಳಿ ಸಾರು ತಿನ್ನುವವರಾದರೆ ಅದು ನಿಮಗೆ ಗೊತ್ತು. ಕಾಲಿನ ಮೂಳೆ ತುದಿಯಲ್ಲಿ ಬೆಳ್ಳಗೆ, ನುಣ್ಣಗೆ ಇದ್ದು ಹಲ್ಲಿಗೆ ಕರುಂ ಅನ್ನುತ್ತದಲ್ಲ, ಅದೇ. ತಿನ್ನದವರು ತಮ್ಮ ಕಿವಿ ಹಿಡಿದು ನೋಡಿ.

ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಈ ಕಾರ್ಟಿಲೇಜ್‌ನ ಒಂದು ಪಟ್ಟಿ ಇರುತ್ತದೆ. ಗ್ರೋತ್ ಪ್ಲೇಟ್ ಅಂತ ಕರೆಯುತ್ತೇವೆ. ಮೂಳೆ ಉದ್ದ ಬೆಳೆಯುವುದು ಅಲ್ಲೇ. ಮುಂಗೈ ಮೂಳೆಯ ಬೆಳವಣಿಗೆಯಲ್ಲಿ ಹೆಚ್ಚು ಪಾಲು ಮಣಿಕಟ್ಟಿನ ಕಡೆಯದು. ಹುಡುಗಿಯರಿಗೆ ಹದಿನಾರರ ಆಸುಪಾಸು, ಹುಡುಗರಿಗೆ ಹದಿನೆಂಟರ ಆಸುಪಾಸಿಗೆ ಆ ಪಟ್ಟಿಯೂ ಮೂಳೆಯಾಗಿ ಗೆರೆ ಮುಚ್ಚಿಹೋಗುತ್ತದೆ. ಹುಟ್ಟಿದಾಗ ಸುಮಾರು 300 ತುಂಡು ಇದ್ದದ್ದು ದೊಡ್ಡವರಾದಾಗ 206 ಆಗುವುದು ಹೀಗೆ ಕೂಡಿಕೊಂಡೇ.

ಆ ಎಂಟನೆಯದು ಬಟಾಣಿ ಗಾತ್ರದ್ದು. ಕಿರುಬೆರಳಿನ ಕಡೆ, ಅಂಗೈ ಶುರುವಾಗುವ ಜಾಗ ಒತ್ತಿ ನೋಡಿ, ನಿಮ್ಮದು ಬೆರಳಿಗೆ ಸಿಗುತ್ತದೆ. ಮಗನದು ಇನ್ನೂ ಕಾರ್ಟಿಲೇಜ್ ಆಗಿಯೇ ಇರಬೇಕು. ಹುಟ್ಟಿದ ಕೂಸಿನ ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ಎಂಟರಲ್ಲಿ ಸಾಮಾನ್ಯವಾಗಿ ಒಂದೂ ಕಾಣುವುದಿಲ್ಲ. ಆಮೇಲೆ ಒಂದೊಂದಾಗಿ ಬರುತ್ತವೆ, ಇದು ಕೊನೆಗೆ, 8ರಿಂದ 12 ವರ್ಷದೊಳಗೆ. ಈ ಲೆಕ್ಕ ಎಷ್ಟು ಚೆನ್ನಾಗಿದೆ ಅಂದರೆ, 16ರೊಳಗಿನ ಕ್ರಿಕೆಟ್ ಹುಡುಗರು ವಯಸ್ಸು ಕಡಿಮೆ ಹೇಳಿ ಆಡದಂತೆ ಬಿಸಿಸಿಐ ಕೈ ಎಕ್ಸ್‌ರೇ ತೆಗೆಸುತ್ತದೆ.

ಒಂದು ಮಾತು ಮಾತ್ರ ಮರೀಬೇಡಿ. ಆ ಪಟ್ಟಿಗೇ ಪೆಟ್ಟು ಬಿದ್ದರೆ ಕೆಲವು ಸಲ ಎಕ್ಸ್‌ರೇಯಲ್ಲಿ ಗೊತ್ತಾಗುವುದಿಲ್ಲ. ಊತ ಇದ್ದರೆ, ಗೆರೆ ಇರುವ ಜಾಗ ಒತ್ತಿದಾಗ ಹುಡುಗ ಕೈ ಕಿತ್ತುಕೊಂಡರೆ, ‘ಫ್ರಾಕ್ಚರ್ ಇಲ್ಲ’ ಅಂದಿದ್ದಾರೆ ಅಂತ ಸುಮ್ನೆ ಕೂರದೆ ಮತ್ತೆ ತೋರಿಸಿ.

ಪ್ರಶ್ನೆ: ಹಾಗಾದ್ರೆ ನನ್ನದೂ ಒಂದು. ನಮ್ಮ ಅತ್ತೆಗೆ 64. ಮಂಡಿ ಎಕ್ಸ್‌ರೇ ನೋಡಿ ‘ಗ್ಯಾಪ್ ಕಡಿಮೆ ಆಗಿದೆ’ ಅಂದಿದ್ದಾರೆ. ಗ್ಯಾಪ್ ಕಡಿಮೆ ಆದರೆ ಒಳ್ಳೆಯದೇ ಅಲ್ವಾ? ಇನ್ನೂ ಸವೆಯುತ್ತೆ ಅಂತ ಅವರು ವಾಕಿಂಗ್ ಬಿಟ್ಟು ಟಿವಿ ಮುಂದೆ ಕೂತಿದ್ದಾರೆ.

ಉತ್ತರ: ಇಲ್ಲಿ ಲೆಕ್ಕ ಉಲ್ಟಾ. ಮಂಡಿಯಲ್ಲಿ ಮೇಲೆ ತೊಡೆ ಮೂಳೆ, ಕೆಳಗೆ ಮಂಡಿಯಿಂದ ಪಾದದ ಕಡೆಗೆ ಹೋಗುವ ದಪ್ಪ ಮೂಳೆ, ಮುಂದೆ ಚಿಪ್ಪು. (ಪಕ್ಕದ ತೆಳು ಮೂಳೆ ಮಂಡಿ ಕೀಲಿಗೆ ಸೇರುವುದೇ ಇಲ್ಲ.) ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಕಾರ್ಟಿಲೇಜ್ ಹೊದಿಕೆ, ನಡುವೆ ಎರಡು ಅರ್ಧಚಂದ್ರ ಮೆತ್ತೆ. ಇವು ಕಾಣದೆ ಎಕ್ಸ್‌ರೇಯಲ್ಲಿ 4-5 ಮಿಲಿಮೀಟರ್ ಖಾಲಿ ಜಾಗದ ಹಾಗೆ ಕಾಣುತ್ತದೆ. ಅದು ಖಾಲಿಯಲ್ಲ, ಅಲ್ಲಿರುವುದೇ ಅಸಲು ಮಾಲು! ಗ್ಯಾಪ್ ಕಡಿಮೆ ಅಂದರೆ ಹೊದಿಕೆ ತೆಳುವಾಗಿದೆ ಅಂತ. ಹೆಚ್ಚಿನವರಿಗೆ ಒಳಮಗ್ಗುಲಲ್ಲೇ ಮೊದಲು, ಭಾರ ಆ ಕಡೆ ಜಾಸ್ತಿ ಬೀಳುವುದರಿಂದ. ಕಾಲು ಬಿಲ್ಲಿನ ಹಾಗೆ ಬಾಗುವುದೂ ಅದಕ್ಕೇ.

ಆದರೆ ನಡೆಯುವುದು ಬಿಟ್ಟದ್ದು ತಪ್ಪಾಯಿತು. ಕಾರ್ಟಿಲೇಜ್‌ಗೆ ರಕ್ತನಾಳವೇ ಇಲ್ಲ. ಅದಕ್ಕೆ ಊಟ ಸಿಗುವುದು ಕೀಲಿನೊಳಗಿನ ಜಿಗುಟು ನೀರಿನಿಂದ. ಗಾಡಿಗೆ ಕೀಲೆಣ್ಣೆ ಇದ್ದ ಹಾಗೆ ಅನ್ನಿ, ಜೊತೆಗೆ ಅನ್ನವೂ ಅದೇ. ಕಾಲಿಟ್ಟಾಗ ಸ್ಪಂಜಿನಂತೆ ಹಿಂಡುತ್ತದೆ, ಎತ್ತಿದಾಗ ಹೀರುತ್ತದೆ. ಕೂತೇ ಇದ್ದರೆ ಎರಡೂ ಇಲ್ಲ, ತೊಡೆಯ ಸ್ನಾಯುವೂ ಸೊರಗುತ್ತದೆ. ಸಮತಟ್ಟಾದ ಜಾಗದಲ್ಲಿ, ನೋವು ತಡೆಯುವಷ್ಟು ನಡೆಯಲಿ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಹಿಡಿಯುವ ವ್ಯಾಯಾಮ ಟಿವಿ ಮುಂದೆಯೇ ಆಗುತ್ತದೆ, ಧಾರಾವಾಹಿ ತಪ್ಪುವುದಿಲ್ಲ.

ಪ್ರಶ್ನೆ: ಮೇಡಂ, ಲಟಿಕೆ ಮುರಿದರೆ ಕೀಲು ಸವೆಯುತ್ತಾ? ಆಫೀಸಲ್ಲಿ ದಿನಕ್ಕೆ ಹತ್ತು ಸಲ ಮುರೀತೀನಿ, ಹೆಂಡತಿ ಬೈತಾಳೆ.

ಉತ್ತರ: ದೃಷ್ಟಿ ತೆಗೆದು ಲಟಿಕೆ ಮುರಿದ ಅಜ್ಜಿಯರ ಕೈ ಎಲ್ಲ ಸವೆಯಬೇಕಿತ್ತು ಹಾಗಾದರೆ! ಬೆರಳು ಎಳೆದಾಗ ಕೀಲಿನ ಎರಡು ಮುಖ ದೂರ ಸರಿದು, ಆ ನೀರಿನಲ್ಲಿ ಗಾಳಿ ಗುಳ್ಳೆ ಹುಟ್ಟುತ್ತದೆ. 2015ರಲ್ಲಿ ಎಂಆರ್‌ಐ ಒಳಗೇ ಬೆರಳು ಎಳೆದು ಇದನ್ನು ನೋಡಿದ್ದಾರೆ. ಆ ಗಾಳಿ ಮತ್ತೆ ಕರಗಲು ಸುಮಾರು 20 ನಿಮಿಷ ಬೇಕು, ಅದಕ್ಕೇ ಅದೇ ಬೆರಳು ತಕ್ಷಣ ಇನ್ನೊಮ್ಮೆ ಸದ್ದು ಮಾಡುವುದಿಲ್ಲ. ಅಮೆರಿಕದ ಡಾಕ್ಟರ್ ಡೊನಾಲ್ಡ್ ಉಂಗರ್ ಐವತ್ತು ವರ್ಷ ಎಡಗೈ ಲಟಿಕೆ ಮಾತ್ರ ಮುರಿದು, ಎರಡು ಕೈಗೂ ವ್ಯತ್ಯಾಸವಿಲ್ಲ ಅಂತ 1998ರಲ್ಲಿ ಬರೆದರು. ಒಬ್ಬರ ಕೈ ಪುರಾವೆ ಆಗುವುದಿಲ್ಲ, 2009ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆ ಬಹುಮಾನ) ಅಂತೂ ಸಿಕ್ಕಿತು. ಸದ್ದಿನ ಜೊತೆ ನೋವು, ಊತ ಇದ್ದರೆ ಮಾತ್ರ ತೋರಿಸಿ. ಹೆಂಡತಿ ಬೈಯುವುದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಮೊದಲ ಪ್ರಶ್ನೆಯವರು: ಒತ್ತಿ ನೋಡಿದೆ ಮೇಡಂ. ಗೆರೆ ಇರುವ ಜಾಗದಲ್ಲೇ ‘ಅಯ್ಯೋ’ ಅಂದ.

ಉತ್ತರ: ಹಾಗಾದರೆ ಕೈ ಅಲ್ಲಾಡದ ಹಾಗೆ ಬಟ್ಟೆಯಲ್ಲಿ ಜೋಲಿ ಕಟ್ಟಿ, ಇವತ್ತೇ ಕರೆದುಕೊಂಡು ಹೋಗಿ. ಪಟ್ಟಿಗೆ ಪೆಟ್ಟಾಗಿದ್ದರೂ ಹೆಚ್ಚಿನ ಮಕ್ಕಳಿಗೆ ಕೆಲವು ವಾರ ಪ್ಲಾಸ್ಟರ್ ಹಾಕಿದರೆ ಸರಿಹೋಗುತ್ತದೆ. ಹಳೆ ಫಿಲಂ ಮರೆಯದೆ ತಗೊಂಡು ಹೋಗಿ.