ಸಹಾಯ ಬೇಕು: ಕೋರ್ಟ್ ಆದೇಶ ಇದ್ದರೂ ಮಗಳ ಭೇಟಿ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನಿರೋದು ಕಾರವಾರ, ಏಳು ವರ್ಷದ ಮಗಳು ತಾಯಿ ಜೊತೆ ಶಿರಸಿಯಲ್ಲಿದ್ದಾಳೆ. ವಿಚ್ಛೇದನದ ಕೇಸ್ ಇನ್ನೂ ನಡೆಯುತ್ತಿದೆ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಕೆಳಗೆ ಮಧ್ಯಂತರ ಆದೇಶ ಆಗಿದೆ. ಎರಡನೇ, ನಾಲ್ಕನೇ ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಗಳು ನನ್ನ ಜೊತೆ ಇರಬಹುದು.

ಮೂರು ಸಲ ಬೆಳಗಿನ ಬಸ್ ಹಿಡಿದು, ಕುಮಟಾ ದಾಟಿ, ದೇವಿಮನೆ ಘಟ್ಟ ಹತ್ತಿ ಹೋದೆ. ಒಮ್ಮೆ ಜ್ವರ ಅಂದರು, ಒಮ್ಮೆ ಪರೀಕ್ಷೆ, ಮೊನ್ನೆ ಬಾಗಿಲೇ ತೆಗೆಯಲಿಲ್ಲ. ಅವಳಿಗೆ ಅಂತ ತಗೊಂಡ ಬಣ್ಣದ ಪೆನ್ಸಿಲ್ ಡಬ್ಬಿ ಮೂರು ಸಲವೂ ನನ್ನ ಜೊತೆ ವಾಪಸ್ ಬಂತು, ಮೂಲೆಯೆಲ್ಲ ನಜ್ಜಾಗಿದೆ. ಜೀವನಾಂಶ ಒಂದು ತಿಂಗಳೂ ತಪ್ಪಿಸಿಲ್ಲ, ನಿಲ್ಲಿಸೋದೂ ಇಲ್ಲ, ಅದು ಮಗಳ ಊಟದ ದುಡ್ಡು ಅಲ್ವಾ.

ಪೊಲೀಸರು ಇದು ಸಿವಿಲ್ ವಿಷಯ, ಕೋರ್ಟಿಗೇ ಹೋಗಿ ಅಂದರು. ಒಬ್ಬ ವಕೀಲರು ಅಮಲ್ಜಾರಿ ಅರ್ಜಿ (ಕೋರ್ಟ್ ಆದೇಶ ಜಾರಿ ಮಾಡಿಸಿ ಅಂತ ಕೇಳೋ ಅರ್ಜಿ) ಹಾಕಿ ಅಂತಾರೆ, ಇನ್ನೊಬ್ಬರು ನ್ಯಾಯಾಂಗ ನಿಂದನೆ ಅಂತಾರೆ.

ಮಧ್ಯಂತರ ಆದೇಶಕ್ಕೆ ಇವೆರಡರಲ್ಲಿ ಯಾವುದು ಸರಿ? ತಪ್ಪಿಹೋದ ಭಾನುವಾರಗಳ ಬದಲಿಗೆ ಬೇರೆ ದಿನ ಕೊಡಿ ಅಂತ ಅದೇ ಅರ್ಜಿಯಲ್ಲಿ ಕೇಳಬಹುದಾ? ಹೀಗೆ ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.