ಮೂಡಲ್ ವರ್ಕ್‌ಶಾಪ್: ಎಲ್ಲರೂ ಎಲ್ಲರಿಗೂ ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ, ಏನು ಮಾಡಲಿ?

ಸಿಂಧನೂರು ಮೇಡಂ

ಸಿಂಧನೂರಿನಲ್ಲಿ ಡಿಗ್ರಿ ಮಕ್ಕಳಿಗೆ ಇತಿಹಾಸ ಹೇಳುತ್ತೇನೆ. ಎರಡನೇ ವರ್ಷದ ಬಿ.ಎ., 46 ಮಕ್ಕಳು. "ನಿಮ್ಮೂರಿನ ಹತ್ತಿರದ ಒಂದು ಶಾಸನದ ಬಗ್ಗೆ ಒಂದು ಪುಟ ಬರೆಯಿರಿ" ಅಂತ ಮೂಡಲ್‌ನಲ್ಲಿ (ಕಾಲೇಜಿನ ಆನ್‌ಲೈನ್ ಪಾಠದ ತಾಣ) ವರ್ಕ್‌ಶಾಪ್ ಹಾಕಿದ್ದೆ. ಒಬ್ಬರದ್ದನ್ನು ಇನ್ನೊಬ್ಬರು ಓದಿ ಅಂಕ ಕೊಡಲಿ ಅಂತ. 46 ಪುಟ ನಾನೊಬ್ಬಳೇ ತಿದ್ದುವುದು ತಪ್ಪಲಿ ಅನ್ನುವ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಮೊದಲ ಎಡವಟ್ಟು ನನ್ನದೇ. ಸಬ್ಮಿಷನ್ ಹಂತ ಮುಗಿಸಿ ಅಸೆಸ್‌ಮೆಂಟ್ ಹಂತಕ್ಕೆ ಹೋದೆ, ಯಾರದ್ದನ್ನು ಯಾರು ಓದಬೇಕು ಅಂತ ಹಂಚಿಯೇ ಇರಲಿಲ್ಲ. ರಾತ್ರಿ ಕ್ಲಾಸಿನ ವಾಟ್ಸಾಪ್ ತುಂಬ "ಮೇಡಂ ನಮಗೇನೂ ಬಂದಿಲ್ಲ". ಆಮೇಲೆ ರ‍್ಯಾಂಡಮ್ ಒತ್ತಿ ಒಬ್ಬೊಬ್ಬರಿಗೆ ಎರಡೆರಡು ಹಂಚಿದೆ.

ಬಂದಿದ್ದು? "ಸೂಪರ್", "ಚೆನ್ನಾಗಿದೆ", ಹತ್ತಕ್ಕೆ ಹತ್ತು. ಏಳು ಜನ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಪೇಸ್ಟ್ ಮಾಡಿದ್ದರು. ಪರದೆ ಮೇಲೆ ಬರೀ ಗೀಚು, ಒಂದಕ್ಷರ ಕನ್ನಡ ಇಲ್ಲ. ಅದಕ್ಕೂ ಹತ್ತಕ್ಕೆ ಹತ್ತು! ಆರು ಅಂಕ ಕೊಟ್ಟವಳು ಒಬ್ಬಳೇ. ಹೆಸರು ಕಾಣುತ್ತಿತ್ತಲ್ಲ, ಆ ಪುಟ ಬರೆದ ಹುಡುಗ ಒಂದು ವಾರ ಅವಳನ್ನು ಮಾತಾಡಿಸಲಿಲ್ಲ. ಇಬ್ಬರೂ ಒಂದೇ ಬಸ್ಸಿಗೆ ಬರುವವರು.

ನನಗೆ ಬೇಕಾದಂಥ ಕಾಮೆಂಟು 92ರಲ್ಲಿ ಒಂದೇ ಒಂದು. ಮಸ್ಕಿಯ ಅಶೋಕನ ಶಾಸನ 1951ರಲ್ಲಿ ಸಿಕ್ಕಿತು ಅಂತ ಒಬ್ಬ ಬರೆದಿದ್ದ. ಅದರ ಕೆಳಗೆ: "1951 ಅಲ್ಲ, 1915. ಚಿನ್ನ ಹುಡುಕುತ್ತಿದ್ದ ಇಂಜಿನಿಯರ್ ಬೀಡನ್‌ಗೆ ಸಿಕ್ಕಿದ್ದು. ನಮ್ಮೂರೇ ಮಸ್ಕಿ." ಇಷ್ಟು ಬರೆದವನೂ ಅಂಕ ಮಾತ್ರ ಹತ್ತೇ ಕೊಟ್ಟಿದ್ದಾನೆ.

ಬಳ್ಳಾರಿ ಲ್ಯಾಬ್

ಮೇಡಂ, ಮೊದಲು ಹೆಸರು ಮರೆಮಾಡಿ. ಆ ವರ್ಕ್‌ಶಾಪಿನ ಪರ್ಮಿಷನ್ಸ್‌ಗೆ ಹೋಗಿ ಸ್ಟೂಡೆಂಟ್ ರೋಲ್‌ನಿಂದ ಬರೆದವರ ಹೆಸರು, ರಿವ್ಯೂ ಮಾಡಿದವರ ಹೆಸರು ನೋಡುವ ಎರಡೂ ಅನುಮತಿ ತೆಗೆಯಿರಿ.

ಎರಡು ರಿವ್ಯೂ ಸಾಲದು, ಮೂರಾದರೂ ಇರಲಿ. ಸರಾಸರಿಗೆ ಯಾರ ಅಂಕ ಹತ್ತಿರ ಇದೆ ಅಂತ ನೋಡಿ ಮೂಡಲ್ ರಿವ್ಯೂ ಮಾಡಿದವರಿಗೂ ಅಂಕ ಹಾಕುತ್ತದೆ. ಇಬ್ಬರೇ ಇದ್ದರೆ ಸರಾಸರಿ ಇಬ್ಬರಿಗೂ ಅಷ್ಟೇ ದೂರ. ಯಾರು ಸರಿ ಅಂತ ಅದಕ್ಕಾದರೂ ಹೇಗೆ ಗೊತ್ತಾಗಬೇಕು?

ಹಂಚೋದು ಮರೆಯುತ್ತೀರಿ ಅಂದರೆ ಶೆಡ್ಯೂಲ್ಡ್ ಅಲೋಕೇಶನ್ ಆನ್ ಮಾಡಿ, ಸಬ್ಮಿಷನ್ ಗಡುವು ಮುಗಿದ ಮೇಲೆ ಅದೇ ಹಂಚುತ್ತದೆ. ಇನ್ನೊಂದು, ಒಂದೇ ಬಸ್ಸಿನವರನ್ನೆಲ್ಲ ಒಂದು ಗ್ರೂಪ್ ಮಾಡಿ. ಗ್ರೂಪ್ ಮೋಡ್ ವಿಸಿಬಲ್ ಇಟ್ಟರೆ ಅದೇ ಗ್ರೂಪಿನವರು ಒಬ್ಬರದ್ದೊಬ್ಬರು ಓದದಂತೆ ಟಿಕ್ ಹಾಕಬಹುದು.

ಕಿನ್ನಾಳದ ಮೇಷ್ಟ್ರು

ಸೆಟ್ಟಿಂಗ್ ಎಲ್ಲ ಸರಿ. ಆದರೆ "ಹತ್ತಕ್ಕೆ ಎಷ್ಟು?" ಅಂತ ಕೇಳಿದರೆ ಯಾವ ಹುಡುಗನೂ ಗೆಳೆಯನಿಗೆ ಆರು ಕೊಡುವುದಿಲ್ಲ. ನಾನು ಅಂಕ ಕೇಳುವುದನ್ನೇ ಬಿಟ್ಟೆ. ನಂಬರ್ ಆಫ್ ಎರರ್ಸ್ ಅನ್ನುವ ವಿಧಾನ ಇದೆ, ಹೌದು ಇಲ್ಲ ಅಷ್ಟೇ. ಕಲ್ಲು ಯಾವ ಊರಲ್ಲಿದೆ ಅಂತ ಹೇಳಿದ್ದಾರಾ? ಇಸವಿ ಸರಿ ಇದೆಯಾ? ಜೊತೆಗೆ ಕಾಮೆಂಟಿನ ಜಾಗದಲ್ಲಿ ಒಂದು: ಯಾವ ಸಾಲು ಅರ್ಥವಾಗಲಿಲ್ಲ, ಅದನ್ನೇ ಕಾಪಿ ಮಾಡಿ ಹಾಕಿ. ಕೊನೆಯದಕ್ಕೆ "ಸೂಪರ್" ಅಂತ ಬರೆಯಲಾಗುವುದಿಲ್ಲ ಅಲ್ವಾ!

ಒಂದು ಎಕ್ಸಾಂಪಲ್ ಸಬ್ಮಿಷನ್ನೂ ಹಾಕಿ, ಅಂದರೆ ಮಕ್ಕಳು ರಿವ್ಯೂ ಮಾಡಿ ಕಲಿಯಲು ಒಂದು ಮಾದರಿ ಪುಟ. ಕೊಪ್ಪಳದ ಗವಿಮಠದ ಶಾಸನ ಕೃಷ್ಣದೇವರಾಯ ಬರೆಸಿದ್ದು ಅಂತ ನಾನೇ ಒಂದು ಕೆಟ್ಟ ಪುಟ ಬರೆದು ಹಾಕಿದ್ದೆ. ಅದು ಅಶೋಕನದು ಅಂತ ಹಿಡಿದವರು ನಾಲ್ಕೇ ಜನ. ಮರುದಿನ ಕ್ಲಾಸಿನಲ್ಲಿ ಅರ್ಧ ಗಂಟೆ ಅದೇ ಮಾತು.

ಸಿಂಧನೂರು ಮೇಡಂ

ಇಬ್ಬರದ್ದೂ ಸೇರಿಸಿ ಮತ್ತೆ ನಡೆಸಿದೆ. ಮೊದಲಿನ ಹಾಗೆ ಬರೆದದ್ದಕ್ಕೆ 80, ರಿವ್ಯೂಗೆ 20 ಇಡದೆ 60, 40 ಮಾಡಿದೆ. ಫೋನಿನ ಕೀಬೋರ್ಡಿನಲ್ಲೇ ಟೈಪ್ ಮಾಡಿ ಅಂದಿದ್ದಕ್ಕೆ ಗೀಚಿನ ಕಾಟ ತಪ್ಪಿತು. ಅರ್ಥವಾಗದ ಸಾಲು ಕೇಳಿದ್ದು ಚೆನ್ನಾಗಿ ಕೆಲಸ ಮಾಡಿತು. "ದೇವಾನಾಂಪ್ರಿಯ ಅಂದರೆ ಯಾರು ಅಂತ ಹೇಳೇ ಇಲ್ಲ" ಅಂತ ಮೂವರು ಬೇರೆ ಬೇರೆ ಪುಟಗಳಿಗೆ ಬರೆದಿದ್ದಾರೆ. ಅದು ಅಶೋಕನ ಬಿರುದು, ನಾನು ಪಾಠದಲ್ಲೇ ಹೇಳದೆ ಬಿಟ್ಟಿದ್ದು.

ಹೆಸರು ಮರೆಮಾಡಿದ್ದು ಮಾತ್ರ ಪೂರ್ತಿ ಫಲಿಸಲಿಲ್ಲ. ಒಬ್ಬಳು ಎಲ್ಲ ಕಾಮೆಂಟಿನ ಕೊನೆಗೂ "ಇಂತಿ ನಿಮ್ಮ" ಅಂತ ಹಾಕಿ ಹೆಸರು, ಊರು, ರೋಲ್ ನಂಬರ್ ಬರೆದಿದ್ದಾಳೆ.